ಒಂಬತ್ತೂ ಹತ್ತರ ದನಿ

ವೆರ್ಬಾ
ಸೆಪ್ಟೆಂಬರ್ 12

ಅಪ್ಪಾ,

ಫೋನಿನಲ್ಲಿ ನಾಲ್ಕು ಅಕ್ಷರ ಒತ್ತಿ ಕಳಿಸು ಎಂದರೆ ನಿನಗೆ ಮೈಯೆಲ್ಲ ಉರಿ. ಅದೇ ಮೂರು ಹಾಳೆ ಬರೆದು, ಸ್ಟಾಂಪು ಅಂಟಿಸಿ, ನಾಲ್ಕು ಬೀದಿ ನಡೆದುಹೋಗಿ ಅಂಚೆ ಡಬ್ಬಿಗೆ ಹಾಕಿ ಬರಲು ಬೇಸರವಿಲ್ಲ. ಸರಿ, ನಾನೂ ಪೆನ್ನು ಹಿಡಿದಿದ್ದೇನೆ. ಕೋಳಿ ಕೆದಕಿದ ಹಾಗಿದೆ ಎಂದು ನಿನ್ನ ತಂಗಿ ಸ್ಟೆಫಾ ಅತ್ತೆ ಆಡಿಕೊಂಡರೆ ಆಡಿಕೊಳ್ಳಲಿ.

ಇಲ್ಲಿ ಕೊಯ್ಲು ಮುಕ್ಕಾಲು ಮುಗಿಯಿತು. ನಮ್ಮ ರೇಡಿಯೋದ ಟವರಿನ ತುದಿಯ ಕೆಂಪು ದೀಪ ಮತ್ತೆ ಕೆಟ್ಟಿತ್ತು, ಹತ್ತಿ ಬದಲಾಯಿಸಿದೆ. ಬಯ್ಯಬೇಡ, ಬೆಲ್ಟು ಕಟ್ಟಿಕೊಂಡೇ ಹತ್ತಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಗಂಟಲಿನ ಆಪರೇಷನ್ ಆಗಿ ಎರಡು ವರ್ಷವಾಯಿತು. ಅಂದಿನಿಂದ, ನೀನು ರೇಡಿಯೋದಲ್ಲಿ ಓದುತ್ತಿದ್ದ ಬೆಳಿಗ್ಗೆ ಒಂಬತ್ತೂ ಹತ್ತರ ಸಾವಿನ ಸುದ್ದಿಯನ್ನು ಬ್ರೆಂಡಾ ಓದುತ್ತಿದ್ದಾಳೆ. ಜಾಹೀರಾತು ಮಾರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಆದರೆ ಗೊತ್ತಿರುವ ಹೆಸರು ಬಂದರೆ ಅತ್ತುಬಿಡುತ್ತಾಳೆ, ಮತ್ತೆ ಈ ಮೂರು ತಾಲೂಕಿನಲ್ಲಿ ಅವಳಿಗೆ ಗೊತ್ತಿಲ್ಲದ ಹೆಸರೇ ಇಲ್ಲ. ಕಳೆದ ವಾರ ಎರಡು ಸಾವನ್ನು ಓದಲು ಹನ್ನೊಂದು ನಿಮಿಷ ತೆಗೆದುಕೊಂಡಳು. ಗೋಧಿ ದರ ಕೇಳಲು ಕಾದಿದ್ದವರು ಫೋನ್ ಮಾಡಿ ಬಯ್ದರು.

ಅಪ್ಪಾ, ನಮ್ಮನ್ನು ಕೇಳುವವರು ಈಗ ಬೇರೆ. ಅರ್ಧ ಜನ ಫೋನಿನಲ್ಲಿ ಕೇಳುತ್ತಾರೆ. ಆಲ್ಬರ್ಟಾದ ಎಣ್ಣೆ ಬಾವಿಗಳಲ್ಲಿ ದುಡಿಯುವ ನಮ್ಮ ಹುಡುಗರು, ಮಗಳ ಮನೆಗೆ ಹೋಗಿ ಕೂತ ಅಜ್ಜಿಯರು. ಇವರ್‍ಯಾರೂ ಹಾಡು ಕೇಳಲು ನಮ್ಮ ಹತ್ತಿರ ಬರುವುದಿಲ್ಲ. ಲೋಕದ ಹಾಡೆಲ್ಲ ಅವರ ಜೇಬಿನಲ್ಲೇ ಇದೆ. ಊರಲ್ಲಿ ಯಾರು ಹೋದರು, ಯಾವ ರಸ್ತೆ ಮುಚ್ಚಿದೆ ಎಂದು ಕೇಳಲು ಬರುತ್ತಾರೆ. ಒಂಬತ್ತೂ ಹತ್ತೇ ನಮ್ಮ ಅನ್ನ. ಅದನ್ನೇ ನಾವು ಈಗ ಹಳಸಿಸುತ್ತಿದ್ದೇವೆ.

ವಿನಿಪೆಗ್‌ನಲ್ಲಿ ಒಂದು ಕಂಪನಿ ಇದೆ. ನಿನ್ನ ಮೂವತ್ತೊಂದು ವರ್ಷದ ಟೇಪುಗಳನ್ನು ಕೊಟ್ಟರೆ ಅವರ ಯಂತ್ರ ನಿನ್ನ ದನಿಯನ್ನು ಕಲಿತುಕೊಳ್ಳುತ್ತದೆಯಂತೆ. ನಾವು ಬರೆದು ಹಾಕಿದ್ದನ್ನು ನಿನ್ನ ದನಿಯಲ್ಲೇ ಓದುತ್ತದೆ. ರೇಡಿಯೋ ನಡೆಸುವ ನಮ್ಮ ಸಂಘದ ಸಭೆಯಲ್ಲಿ ಅಧ್ಯಕ್ಷ ವರ್ನನ್ ಕುಣಿದೇಬಿಟ್ಟ. "ಓರೆಸ್ಟ್ ಏನೂ ಮಾಡ್ಬೇಕಾಗಿಲ್ಲ ಕಣಮ್ಮ, ಒಂದ್ ಸಹಿ ಹಾಕಿದ್ರೆ ಸಾಕು. ಮಂಚದ ಮೇಲೆ ಮಲಗಿದ್ಕೊಂಡೇ ಡ್ಯೂಟಿಗೆ ಬಂದಂಗೆ!"

ಪತ್ರದ ಜೊತೆ ಒಪ್ಪಿಗೆಯ ಕಾಗದ ಇಟ್ಟಿದ್ದೇನೆ. ಸಹಿ ಹಾಕುತ್ತೀಯಾ?

ಉತ್ತರ ಬೇಗ ಬರಲಿ,
ದಾರ್ಕಾ


ಸಸ್ಕಟೂನ್
ಸೆಪ್ಟೆಂಬರ್ 24

ಮಗಳೇ ದಾರ್ಕಾ,

ಇಲ್ಲ.

ಇಷ್ಟು ಬರೆದು ಲಕೋಟೆ ಮುಚ್ಚಿದ್ದೆ. ನಿನ್ನ ಅತ್ತೆ ಕಿತ್ತುಕೊಂಡು ತೆರೆದು ಓದಿ, "ಬಾಯಿದ್ದಾಗ್ಲೂ ಮನೆಯವ್ರ ಹತ್ರ ನೀನು ಆಡ್ತಿದ್ದಿದ್ದು ಒಂದೇ ಮಾತು, ಈಗ್ಲೂ ಒಂದೇ ಮಾತು. ಮೂವತ್ತು ವರ್ಷ ಊರಿಗೆಲ್ಲ ಮಾತಾಡಿದ್ಯಲ್ಲ, ಮಗಳಿಗೆ ನಾಲ್ಕು ಸಾಲು ಬರಿ" ಎಂದು ಮುಂದೆ ಕೂತಿದ್ದಾಳೆ. ಆದ್ದರಿಂದ ಬರೆಯುತ್ತಿದ್ದೇನೆ.

ಸಾವಿನ ಸುದ್ದಿ ಓದುವುದು ಎರಡು ನಿಮಿಷದ ಕೆಲಸ, ದಾರ್ಕಾ. ಅದಕ್ಕೂ ಮುಂಚೆ ಒಂದು ಗಂಟೆಯ ಕೆಲಸ ಇದೆ, ಅದು ನಿನಗೆ ಕಾಣಲಿಲ್ಲ. ಏಳೂವರೆಗೆ ನಾನು ಆ ಮನೆಗೆ ಫೋನ್ ಮಾಡುತ್ತಿದ್ದೆ. ಮೂರೇ ಪ್ರಶ್ನೆ. ಊರವರು ಅವರನ್ನು ಏನಂತ ಕರೀತಿದ್ರು? ಮಣ್ಣಾದ ಮೇಲೆ ಊಟ ಎಲ್ಲಿ? ಆ ಕಡೆಯ ರಸ್ತೆ ಹೇಗಿದೆ? ಈ ಮೂರಕ್ಕೆ ಉತ್ತರ ಸಿಗುವಷ್ಟರಲ್ಲಿ ಅವರು ಮಿಕ್ಕಿದ್ದನ್ನೆಲ್ಲ ಹೇಳಿ ಹಗುರಾಗಿರುತ್ತಿದ್ದರು. ನಿನ್ನ ಯಂತ್ರ ಯಾರಿಗೆ ಫೋನ್ ಮಾಡುತ್ತದೆ?

ಇನ್ನೊಂದು. ನನ್ನ ಗಂಟಲಿನ ಧ್ವನಿಪೆಟ್ಟಿಗೆಯನ್ನು ಡಾಕ್ಟರು ಕತ್ತರಿಸಿ ತೆಗೆದರು. ಹೋದದ್ದು ಹೋಯಿತು ಎಂದು ಮನಸ್ಸಿಗೆ ಹೇಳಿಕೊಳ್ಳಲು ನನಗೆ ಎರಡು ಚಳಿಗಾಲ ಹಿಡಿಯಿತು. ಅದನ್ನೀಗ ಮತ್ತೆ ಎಬ್ಬಿಸಿ ಕೂರಿಸಬೇಡ. ನಾಳೆ ನಾನೂ ಸಾಯುತ್ತೇನೆ. ಆ ದಿನ ಒಂಬತ್ತೂ ಹತ್ತಕ್ಕೆ ನನ್ನ ಸಾವನ್ನು ನಾನೇ ಓದಬೇಕೇ? "ಓರೆಸ್ಟ್ ಸಾವ್ಚುಕ್, ಎಪ್ಪತ್ತೈದು, ಹೋಗ್ಬಿಟ್ರು, ಊಟ ಚರ್ಚಿನ ಹಾಲ್‌ನಲ್ಲಿ" ಅಂತ?

ಟವರು ಹತ್ತಲು ಬೇರೆಯವರನ್ನು ಕರೆಸು. ನಿನಗೆ ಮೂವತ್ತೊಂಬತ್ತು ತುಂಬಿದೆ ಎನ್ನುವುದು ನೆನಪಿರಲಿ.

ನಿನ್ನ ಅಪ್ಪ


ವೆರ್ಬಾ
ಅಕ್ಟೋಬರ್ 19

ಅಪ್ಪಾ,

ನಿನ್ನ "ಇಲ್ಲ"ವನ್ನು ಸಭೆಯಲ್ಲಿ ಓದಿದೆ. ವರ್ನನ್ ಕನ್ನಡಕ ತೆಗೆದು ಒರೆಸಿಕೊಂಡು, ಟೇಪುಗಳು ಸಂಘದ ಆಸ್ತಿ, ಓರೆಸ್ಟನ ಸ್ವಂತದ್ದಲ್ಲ ಎಂದ. ಒಂಬತ್ತೂ ಹತ್ತು ಸರಿಹೋಗದಿದ್ದರೆ ಈಗ ನಾವೇ ಮಾಡುವ ಬೆಳಗಿನ ಆರು ಗಂಟೆಗಳ ಕಾರ್ಯಕ್ರಮವನ್ನೂ ನಗರದ ದೊಡ್ಡ ಸ್ಟೇಷನ್ನಿನಿಂದ ತಂದು ಹಾಕುವುದಂತೆ. ಹಾಗಾದರೆ ನಮ್ಮದು ಎನ್ನುವುದು ಟವರು ಮಾತ್ರ. ಫೆಬ್ರವರಿ ಇಪ್ಪತ್ತಕ್ಕೆ ಮತ ಹಾಕಿ ತೀರ್ಮಾನಿಸುತ್ತಾರೆ.

ಬ್ರೆಂಡಾ ಕೈ ಮುಗಿದಳು. "ನನ್ ಕೈಲಾಗಲ್ಲ ದಾರ್ಕಾ, ಇದೊಂದು ಬಿಟ್ಬಿಡು." ಈಗ ಸಾವಿನ ಪಟ್ಟಿಯನ್ನು ಬರಿ ಫೋನಿನಲ್ಲಿ ಕಾಣುವಂತೆ ಹಾಕುತ್ತಿದ್ದೇವೆ. ನೋಡುವವರು ತುಂಬ ಜನ, ಸುಳ್ಳಲ್ಲ. ಆದರೆ ಮೊನ್ನೆ ಒಬ್ಬ ಮುದುಕ ಟ್ರ್ಯಾಕ್ಟರ್ ನಿಲ್ಲಿಸಿ ಒಳಗೆ ಬಂದು ಟೋಪಿ ತೆಗೆದು ನಿಂತ. "ನನ್ ತಮ್ಮ ತೀರ್ಕೊಂಡು ಆರ್ ದಿನ ಆಯ್ತು. ರೇಡಿಯೋದಲ್ಲಿ ಇನ್ನೂ ಬಂದಿಲ್ಲ. ಬರೋ ತನಕ ನಂಗೆ ಅವ್ನು ಸತ್ತಂಗೇ ಅನ್ಸಲ್ಲಮ್ಮ" ಎಂದ. ಕೂರಿಸಿ ಕಾಫಿ ಕೊಟ್ಟೆ.

ಕೊಯ್ಲು ಮುಗಿದ ಮೇಲೆ ಊರಿಗೆಲ್ಲ ಹಾಕುವ ಚರ್ಚಿನ ಕೋಳಿ ಊಟಕ್ಕೆ ನೀನು ಬರುತ್ತೀಯ ಎಂದು ಪಕ್ಕದ ಕುರ್ಚಿಯ ಮೇಲೆ ನನ್ನ ಕೋಟು ಹಾಕಿ ಹಿಡಿದಿಟ್ಟಿದ್ದೆ. ಬಂದವರೆಲ್ಲ ಕೇಳಿದ್ದು ಒಂದೇ. "ಅಪ್ಪ ಎಲ್ಲಿ?" ಎಂಟು ಗಂಟೆಗೆ ಕೋಟು ತೆಗೆದುಕೊಂಡು ಮನೆಗೆ ಬಂದೆ. ಎರಡು ವರ್ಷದಲ್ಲಿ ಒಂದು ಸಲವೂ ಊರಿಗೆ ಬಂದಿಲ್ಲ ನೀನು. ನಾನು ಅಲ್ಲಿಗೆ ಬಂದರೆ ಹಲಗೆಯ ಮೇಲೆ ಎರಡು ಸಾಲು ಗೀಚಿ ಟೀವಿ ಹಾಕುತ್ತೀಯ. ನನಗೆ ಸಿಟ್ಟು ಬಂದಿದೆ ಅಪ್ಪಾ. ಬರೆಯದೆ ಬಿಟ್ಟರೆ ನಿನಗೆ ಗೊತ್ತಾಗುವುದಿಲ್ಲ, ಅದಕ್ಕೆ ಬರೆದೆ.

ದಾರ್ಕಾ


ಸಸ್ಕಟೂನ್
ನವೆಂಬರ್ 2

ಮಗಳೇ,

ಬಯ್ದದ್ದು ಒಳ್ಳೆಯದಾಯಿತು. ನಿಮ್ಮಮ್ಮನೂ ಹೀಗೇ, ಸುತ್ತಿ ಬಳಸಿ ಮಾತಾಡುತ್ತಿರಲಿಲ್ಲ.

ಕೋಳಿ ಊಟಕ್ಕೆ ಏಕೆ ಬರಲಿಲ್ಲ ಎಂದರೆ, ಅಲ್ಲಿ ಎಲ್ಲರೂ ಮಾತಾಡಿಸುತ್ತಾರೆ. ನಾನು ಹಲಗೆ ತೆಗೆದು ಉತ್ತರ ಬರೆಯುವಷ್ಟರಲ್ಲಿ ಅವರು ಇನ್ನೊಬ್ಬರ ಕೈ ಕುಲುಕುತ್ತಿರುತ್ತಾರೆ. ಹಲಗೆ ಹಿಡಿದುಕೊಂಡು ನಿಂತಿರುವವನು ನಾನು, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಹಿಡಿದು ನೆಂಟರಿಗೆ ಕಾಯುವವನ ಹಾಗೆ. ಆ ಊರು ನನ್ನ ದನಿಯನ್ನು ಬಲ್ಲದು. ನನ್ನನ್ನು ಬಲ್ಲದೋ ಇಲ್ಲವೋ ಎಂಬುದನ್ನು ಹೋಗಿ ನೋಡುವ ಧೈರ್ಯ ನನಗಿಲ್ಲ.

ಸ್ಟೆಫಾ ಅಡುಗೆಮನೆಯಲ್ಲಿ ದಿನವೂ ವೆರ್ಬಾ ರೇಡಿಯೋ ಹಾಕುತ್ತಾಳೆ. ಒಂಬತ್ತಾಯಿತೆಂದರೆ ನಾನು ಬೂಟು ಹಾಕಿಕೊಂಡು ನದಿಯ ಕಡೆ ಹೊರಡುತ್ತೇನೆ. ಹತ್ತಕ್ಕೆ ವಾಪಸ್ಸು.

ಬ್ರೆಂಡಾ ಬಿಟ್ಟರೇನಂತೆ, ನೀನು ಓದು. ವೈರು ಜೋಡಿಸುವವರಿಗೆ ಬಾಯಿ ಇರುವುದಿಲ್ಲ ಎಂದು ಯಾರು ಹೇಳಿದರು? ಆದರೆ ಯಂತ್ರದ ವಿಷಯ ಮತ್ತೆ ಎತ್ತಬೇಡ.

ಅಪ್ಪ


ವೆರ್ಬಾ
ಜನವರಿ 18

ಅಪ್ಪಾ,

ಈ ಕಾಗದವನ್ನು ಕೂತು ಓದು. ಅತ್ತೆ ಪಕ್ಕದಲ್ಲಿರಲಿ.

ಕ್ರಿಸ್‌ಮಸ್ ಹಿಂದಿನ ದಿನ ನಾವು ಮೂವರೂ ಅಲ್ಲಿ ಬೋರ್ಷ್ ಸೂಪು ಕುಡಿಯುತ್ತ ಕೂತಿದ್ದಾಗಲೇ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ. ನಿನ್ನನ್ನು ಕೇಳುವ ಮೊದಲೇ, ಆಗಸ್ಟಿನಲ್ಲೇ, ನಿನ್ನ ಟೇಪುಗಳನ್ನು ವಿನಿಪೆಗ್‌ಗೆ ಕಳಿಸಿಬಿಟ್ಟಿದ್ದೆ. ನೀನು ಬೇಡ ಎಂದ ಮೇಲೂ ವಾಪಸ್ಸು ತರಿಸಲಿಲ್ಲ. ಡಿಸೆಂಬರಿನಲ್ಲಿ ದನಿ ಬಂತು. ಒಂದು ವಾರ ಪ್ರಯೋಗ ಮಾಡೋಣ, ಓರೆಸ್ಟನಿಗೆ ಗೊತ್ತಾಗುವುದಿಲ್ಲ ಎಂದು ವರ್ನನ್ ಹೇಳಿದ. ನಾನು ಹೂಂ ಎಂದೆ. ಅವನ ಮೇಲೆ ತಪ್ಪು ಹೊರಿಸುವುದಿಲ್ಲ, ಗುಂಡಿ ಒತ್ತಿದ್ದು ನಾನು.

ಜನವರಿ ಹನ್ನೆರಡು, ಶುಕ್ರವಾರ, ಒಂಬತ್ತೂ ಹತ್ತಕ್ಕೆ ನಿನ್ನ ದನಿ ಪ್ರಸಾರವಾಯಿತು. ಅಪ್ಪಾ, ಏನೆಂದು ಹೇಳಲಿ! ಹೆಸರು ಹೇಳಿ ನೀನು ಮೂರು ಉಸಿರಿನಷ್ಟು ಸುಮ್ಮನಿರುತ್ತಿದ್ದೆಯಲ್ಲ, ಅದನ್ನೂ ಕಲಿತಿತ್ತು. ಒಂದು ಗಂಟೆಯ ಕಾಲ ಫೋನು ಕೆಳಗಿಡಲು ಆಗಲಿಲ್ಲ. "ಓರೆಸ್ಟ್ ವಾಪಸ್ ಬಂದ್ನಾ?" "ಹುಷಾರಾದ್ನಾ?" ಬೇಕರಿಯವಳು ಕೇಕು ತಂದಳು. ನಾನೂ ತಿಂದೆ.

ಅಂದು ಓದಿದ್ದು ಒಂದೇ ಹೆಸರು. ದಿಮಿತ್ರೊ ಕೊಸ್ತಿನ್ಯುಕ್, ಎಪ್ಪತ್ತೊಂಬತ್ತು ವರ್ಷ, ಕೊಪಾ ಹಳ್ಳಿ. ರೆಜೈನಾದಲ್ಲಿರುವ ಯಾರೋ ಸೋದರಳಿಯ ತುಂಬಿ ಕಳಿಸಿದ ಅರ್ಜಿಯಲ್ಲಿ ಹಾಗೆ ಇತ್ತು. ನಾನು ಅದನ್ನೇ ಯಂತ್ರಕ್ಕೆ ಹಾಕಿದೆ. ಯಾರಿಗೂ ಫೋನ್ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಒಬ್ಬ ಹೆಂಗಸು ಫೋನ್ ಮಾಡಿದಳು. ಜಗಳದ ದನಿಯೇ ಅಲ್ಲ. "ನಮ್ಮನೆಯವ್ರ ಸುದ್ದಿ ರೇಡಿಯೋದಲ್ಲಿ ಬಂತಾ ಅಂತ ಕೇಳೋಣ ಅಂತ. ಇನ್ನೂರು ಜನಕ್ಕೆ ಅಡುಗೆ ಮಾಡಿದ್ವಿ. ಹನ್ನೊಂದು ಜನ ಬಂದ್ರು." ನಾನು ಹೆಸರು ಕೇಳಿದೆ. "ಪೌಲೀನಾ ಕಣಮ್ಮ. ಬಟನ್ ಹೆಂಡ್ತಿ."

ಅಪ್ಪಾ, ಅದು ಬಟನ್ ಮಾಮ. ಇಪ್ಪತ್ತು ವರ್ಷ ಪ್ರತಿ ಶನಿವಾರ ನಿನ್ನ ಸ್ಟುಡಿಯೋದಲ್ಲಿ ಕೂತು ಬಟನ್ ಅಕಾರ್ಡಿಯನ್ ನುಡಿಸಿದ ಬಟನ್ ಮಾಮ. ಅವರಿಗೆ ದಿಮಿತ್ರೊ ಎನ್ನುವ ಹೆಸರಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೂರು ತಾಲೂಕಿನಲ್ಲಿ ಅವರ ಅಕಾರ್ಡಿಯನ್ನಿಗೆ ಕುಣಿದು ಮದುವೆಯಾದವರೆಲ್ಲ ಆ ಸುದ್ದಿ ಕೇಳಿದರು. ಕೇಳಿ, "ಓರೆಸ್ಟನ ದನಿ ಎಷ್ಟ್ ಚೆನ್ನಾಗಿದೆ" ಎಂದರು. ಸತ್ತವರು ಯಾರೆಂದು ಒಬ್ಬರೂ ನೋಡಲಿಲ್ಲ.

ನಿನಗೂ ಗೊತ್ತಾಗಲಿಲ್ಲ. ಅತ್ತೆ ಕೇಳಿಸಿಕೊಂಡಳಂತೆ, ಹಳೆಯ ಟೇಪು ಹಾಕಿದ್ದಾರೆ ಎಂದುಕೊಂಡು, ನೀನು ಬರುವಷ್ಟರಲ್ಲಿ ರೇಡಿಯೋ ಆರಿಸಿದಳಂತೆ. ಅವಳನ್ನು ಬಯ್ಯಬೇಡ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ದಾರ್ಕಾ


ಸಸ್ಕಟೂನ್
ಜನವರಿ 23

ದಾರ್ಕಾ,

ನನ್ನ ಗೆಳೆಯನ ಸಾವನ್ನು ನನ್ನ ಬಾಯಲ್ಲಿ ಹೇಳಿಸಿದೆ. ನಾನು ಆ ಹೊತ್ತಿಗೆ ನದಿಯ ದಡದಲ್ಲಿ ಬಾತುಕೋಳಿಗೆ ಬ್ರೆಡ್ಡು ಹಾಕುತ್ತಿದ್ದೆ.

ಆ ದನಿಯನ್ನು ಅಳಿಸು. ಅಳಿಸಿದ ಮೇಲೆ ಬರೆ. ಅಲ್ಲಿಯ ತನಕ ಬೇಡ.

ಓರೆಸ್ಟ್ ಸಾವ್ಚುಕ್


ವೆರ್ಬಾ
ಫೆಬ್ರವರಿ 1

ಅಪ್ಪಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ನೀನು ಪೂರ್ತಿ ಹೆಸರಿನ ಸಹಿ ಹಾಕಿದ್ದನ್ನು ನೋಡಿ ಎರಡು ದಿನ ಊಟ ಸೇರಲಿಲ್ಲ.

ಪೌಲೀನಾ ಫೋನ್ ಮಾಡಿದ ದಿನವೇ ಅದನ್ನು ಪ್ರಸಾರದಿಂದ ತೆಗೆದೆ. ಈಗ ನಾನೇ ಓದುತ್ತಿದ್ದೇನೆ. ಏಳೂವರೆಗೆ ಫೋನ್ ಮಾಡಿ ನಿನ್ನ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲನೆಯ ಮನೆಯವರು ನಲವತ್ತು ನಿಮಿಷ ಬಿಡಲಿಲ್ಲ. ನೀನು ಬರೆದದ್ದು ನಿಜ. ಆದರೆ ನಾನು ಮೈಕಿನ ಮುಂದೆ ಕೂತರೆ ಕರೆಂಟ್ ಬಿಲ್ಲು ಓದಿದ ಹಾಗೆ ಕೇಳುತ್ತದೆ. ಎಂಬತ್ತಮೂರು ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಓರೆಸ್ಟನ ದನಿಯೇ ಬೇಕಂತೆ, ಯಂತ್ರವಾದರೂ ಸರಿಯಂತೆ. ಇಪ್ಪತ್ತನೇ ತಾರೀಕು ಮತಕ್ಕೆ ಹಾಕಿದರೆ ಅದು ಗೆಲ್ಲುತ್ತದೆ. ನಾನೊಬ್ಬಳು ಅಡ್ಡ ನಿಂತರೆ ಆಗುವುದಿಲ್ಲ.

ಆದರೆ ಅಳಿಸಿಲ್ಲ ಅಪ್ಪಾ. ಸುಳ್ಳು ಹೇಳಿ ನಿನ್ನ ಕಾಗದ ತರಿಸಿಕೊಳ್ಳಬಹುದಿತ್ತು, ಅದೂ ಬೇಡವಾಯಿತು.

ಡಿಸೆಂಬರಿನಲ್ಲಿ ಆ ದನಿ ಬಂದ ದಿನ ಏನು ಮಾಡಿದೆ ಗೊತ್ತಾ? ಸಾವಿನ ಸುದ್ದಿ ಹಾಕಿ ನೋಡಲಿಲ್ಲ. ಗೋಧಿ ದರವನ್ನೂ ಹಾಕಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡು ಕೂತು, "ದಾರ್ಕಾ, ಎದ್ಯಾ? ಟೋಪಿ ಹಾಕ್ಕೊಂಡ್ ಹೋಗು, ಕಿವಿ ಉದುರ್‍ಹೋಗತ್ತೆ" ಎಂದು ಬರೆದು ಹಾಕಿದೆ. ಹೇಳಿತು. ನೀನು ಹೇಳುತ್ತಿದ್ದ ಹಾಗೇ ಹೇಳಿತು. ನಾನು ಹಾರನ್ನಿನ ಮೇಲೆ ತಲೆಯಿಟ್ಟು ಅತ್ತೆ. ಹಾರನ್ನು ಹೊಡೆದುಕೊಂಡಿತು. ಬ್ರೆಂಡಾ ಓಡಿಬಂದಳು, ಹಲ್ಲುನೋವು ಎಂದೆ.

ಆಮೇಲೆ ದಿನವೂ ಒಂದೊಂದು ಮಾತು ಹಾಕುತ್ತಿದ್ದೆ. ಊಟ ಆಯ್ತಾ. ಬಾಗಿಲು ಹಾಕಿದ್ಯಾ. ನಿಮ್ಮಮ್ಮ ಇದ್ದಿದ್ರೆ ಹೀಗಂತಿದ್ಲು. ಸಂಘಕ್ಕೆ, ಊರಿಗೆ, ಕೇಳುಗರಿಗೆ ಎಂದೆಲ್ಲ ನಿನಗೆ ಬರೆದೆನಲ್ಲ, ಅದರಲ್ಲಿ ಅರ್ಧ ನಿಜ. ಉಳಿದರ್ಧ ನನಗೇ ಬೇಕಾಗಿತ್ತು. ಎರಡು ವರ್ಷ ನಾಲ್ಕು ತಿಂಗಳಾಯಿತು, ನೀನು ನನ್ನ ಹೆಸರು ಹಿಡಿದು ಕರೆದು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೇನೆ. ಒತ್ತಲು ಆಗುತ್ತಿಲ್ಲ. ಬಯ್ಯಿ, ಆದರೆ ಕಾಗದ ಬರೆ.

ನಿನ್ನ
ದಾರ್ಕಾ


ಸಸ್ಕಟೂನ್
ಫೆಬ್ರವರಿ 11

ನನ್ನ ದಾರ್ಕಾ,

ನಿನ್ನ ಕಾಗದ ಓದಿ ಸ್ಟೆಫಾಳ ಕೈಗೆ ಕೊಟ್ಟೆ. ಅವಳು ಓದಿ, ಮೂಗು ಒರೆಸಿಕೊಂಡು, "ಹೊರಡು, ಕಾರು ತೆಗೀತೀನಿ" ಎಂದಳು. ಎಲ್ಲಿಗೆ ಎಂದು ಹಲಗೆಯ ಮೇಲೆ ಬರೆದೆ. "ಮೊದ್ಲು ಸತ್ತವನ ಮನೆಗೆ. ಬದುಕಿರೋರನ್ನ ಆಮೇಲೆ ನೋಡೋಣ" ಎಂದಳು.

ಕೊಪಾಕ್ಕೆ ಹೋದೆವು. ಮೈನಸ್ ಮೂವತ್ತು. ಪೌಲೀನಾ ಬಾಗಿಲು ತೆರೆದು, ಒಳಗೆ ಕರೆದು ಪಿರೋಹಿ ಕಡುಬು ಬೇಯಿಸಲು ನೀರಿಟ್ಟಳು. ತಟ್ಟೆ ಮುಂದಿಟ್ಟ ಮೇಲೆ ಹೇಳಿದಳು. "ಓರೆಸ್ಟ್, ನೀನೇ ರೇಡಿಯೋದಲ್ಲಿ ಹೇಳಿದ್ದು ಅಂತ ಆಮೇಲೆ ಗೊತ್ತಾಯ್ತು. ಚೆನ್ನಾಗ್ ಹೇಳಿದ್ಯಂತೆ. ಎಲ್ರಿಗೂ ಹೇಳಿ, ನೀನೇ ಬರ್ಲಿಲ್ವಲ್ಲಪ್ಪ. ಯಾಕೆ?"

ಹಲಗೆ ತೆಗೆದೆ. ಅವಳ ಕನ್ನಡಕ ಎಲ್ಲೋ ಇತ್ತು, ಹುಡುಕಲು ಎದ್ದಳು. ಹೆಂಗಸು ಎಂಬತ್ತರ ಹತ್ತಿರ, ನನ್ನ ಸಬೂಬು ಓದಲು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದಾಳೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ನಿನಗೆ ಹೇಳದ ವಿಷಯ ಒಂದಿದೆ. ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟು, ಆರು ವಾರ ಕಲಿಸಿದ್ದರು. ಸಣ್ಣ ಟಾರ್ಚಿನಷ್ಟು ಉದ್ದ. ಕತ್ತಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಬರುತ್ತದೆ. ಗಡ್ಡ ಬೋಳಿಸುವ ಯಂತ್ರ ಮಾತು ಕಲಿತರೆ ಹೇಗಿರುತ್ತದೋ ಹಾಗಿರುತ್ತದೆ. ಮನೆಗೆ ಬಂದ ದಿನವೇ ಅದನ್ನು ಕಾಲುಚೀಲದ ಡ್ರಾಯರಿಗೆ ತಳ್ಳಿದೆ. ಮೂವತ್ತೊಂದು ವರ್ಷ ಜನ "ಜೇನು, ಜೇನು" ಎಂದು ಹೊಗಳಿದ ದನಿ ನನ್ನದು. ಆ ಸದ್ದನ್ನು ನಿನ್ನ ಕಿವಿಗೆ ಹಾಕುವುದಕ್ಕಿಂತ ಮೂಗನಾಗಿರುವುದೇ ಮರ್ಯಾದೆ ಎಂದುಕೊಂಡೆ. ಇದು ಜಂಬ, ದಾರ್ಕಾ. ಬೇರೆ ಹೆಸರು ಇಟ್ಟು ಪ್ರಯೋಜನವಿಲ್ಲ.

ಸ್ಟೆಫಾ ಅದನ್ನು ಕೈಚೀಲದಲ್ಲಿ ತಂದಿದ್ದಳು. ಚಾರ್ಜು ಕೂಡ ಮಾಡಿಟ್ಟಿದ್ದಳು, ಖದೀಮಿ. ಮೇಜಿನ ಮೇಲಿಟ್ಟಳು. ಕತ್ತಿಗೆ ಒತ್ತಿದೆ. "ಪೌಲೀನಾ, ತಪ್ಪಾಯ್ತು" ಎಂದೆ. ಎರಡು ವರ್ಷದಲ್ಲಿ ನಾನಾಡಿದ ಮೊದಲ ಮಾತು. ಅವಳು ಕನ್ನಡಕ ಹುಡುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು, ಆಮೇಲೆ ನಗಲು ಶುರುಮಾಡಿದಳು. "ಅಯ್ಯಯ್ಯೋ, ತಗಡಿನ ಡಬ್ಬದಲ್ಲಿ ದುಂಬಿ ಬಿಟ್ಟಂಗಿದೆ! ಬಟನ್ ಕೇಳಿದ್ರೆ ಇದಕ್ಕೊಂದು ತಾಳ ಹಾಕ್ತಿದ್ದ!" ನಗುತ್ತ ನಗುತ್ತ ಅತ್ತಳು. ನಾನೂ ಅತ್ತೆ. ಸ್ಟೆಫಾ ನಮ್ಮಿಬ್ಬರ ಪಾಲಿನ ಪಿರೋಹಿಯನ್ನೂ ತಿಂದಳು.

ಬರುವ ಭಾನುವಾರ, ಹದಿನೆಂಟಕ್ಕೆ, ಬಟನ್ ಹೋಗಿ ನಲವತ್ತನೇ ದಿನ. ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಊಟ. ಪೌಲೀನಾ ಮತ್ತೆ ಇನ್ನೂರು ಜನಕ್ಕೇ ಮಾಡುತ್ತಾಳಂತೆ, ಎಷ್ಟು ಹೇಳಿದರೂ ಕೇಳುತ್ತಿಲ್ಲ. ಶನಿವಾರ ಒಂಬತ್ತೂ ಹತ್ತು ನನಗೆ ಕೊಡು. ನಾನು ಬಂದು ಓದುತ್ತೇನೆ. ಜನ ರೇಡಿಯೋ ಆರಿಸಿದರೆ ಆರಿಸಲಿ. ಹೇಳಬೇಕಾದ್ದು ನಾನು, ಮತ್ತು ಈ ಸಲ ಹೇಳಿದವನು ಊಟಕ್ಕೂ ಹೋಗುತ್ತಾನೆ.

ಅಳಿಸುವ ಮಾತು ಆಮೇಲೆ. ಅದನ್ನು ನಿನಗೇ ಬಿಟ್ಟಿದ್ದೇನೆ.

ಟೋಪಿ ಹಾಕಿಕೋ.

ಅಪ್ಪ


ವೆರ್ಬಾ
ಫೆಬ್ರವರಿ 22

ಅಪ್ಪಾ,

ನೀನೂ ಅತ್ತೆಯೂ ಸೋಮವಾರ ಹೊರಟ ಮೇಲೆ ಇಲ್ಲಿ ನಡೆದದ್ದನ್ನು ಬರೆಯಬೇಕು. ಅದಕ್ಕೂ ಮೊದಲು, ಶನಿವಾರ ನೀನು ಮೈಕಿನ ಮುಂದೆ ಕೂತಿದ್ದಾಗ ಗಾಜಿನ ಈಚೆ ಏನಾಯಿತೆಂದು ನಿನಗೆ ಗೊತ್ತಿಲ್ಲ.

"ದಿಮಿತ್ರೊ ಕೊಸ್ತಿನ್ಯುಕ್. ನಿಮಗೆಲ್ಲ ಗೊತ್ತಿರೋ ಹಂಗೆ, ಬಟನ್" ಎಂದು ನೀನು ನಿಲ್ಲಿಸಿದೆಯಲ್ಲ, ಅಷ್ಟರಲ್ಲೇ ಮೊದಲ ಫೋನು. "ನಿಮ್ ಟವರಿಗೆ ಏನೋ ಆಗಿದೆ, ಒಳಗೆ ಜೀರುಂಡೆ ಹೊಕ್ಕಂಗೆ ಸದ್ದು." ಅದು ಓರೆಸ್ಟ್ ಎಂದೆ. ಆ ಕಡೆಯವರು ಇಟ್ಟುಬಿಟ್ಟರು. ಎರಡನೆಯವನು ಆ ಟ್ರ್ಯಾಕ್ಟರಿನ ಮುದುಕ. "ರೇಡಿಯೋಗೆ ಎರಡು ಬಾರಿಸ್ದೆ ಕಣಮ್ಮ, ಕೆಟ್ಟೋಗಿದೆ ಅಂತ. ಹೆಸರು ಹೇಳಿ ಸುಮ್ನಾದ್ನಲ್ಲ, ಅಯ್ಯೋ ಇವ್ನು ನಮ್ಮ ಓರೆಸ್ಟು ಅಂತ ಆಗ ಗೊತ್ತಾಯ್ತು." ಬ್ರೆಂಡಾ ಅತ್ತದ್ದನ್ನು ಬೇರೆ ಬರೆಯಬೇಕಾಗಿಲ್ಲ.

ಮೂರನೆಯದು ಆಲ್ಬರ್ಟಾದ ಎಣ್ಣೆ ಬಾವಿಯಿಂದ. ಫೋನಿನಲ್ಲಿ ಕೇಳಿಸಿಕೊಂಡನಂತೆ. "ನಮ್ಮಪ್ಪಂಗೂ ಇದೇ ಆಪರೇಷನ್ನು. ಇದೇ ಥರ ಮಾತಾಡೋದು. ಫೋನ್ ಮಾಡಿದ್ರೆ ನಾನು ಎರಡು ನಿಮಿಷಕ್ಕೆ ಇಟ್ಬಿಡ್ತಿದ್ದೆ, ಕೇಳಕ್ಕಾಗಲ್ಲ ಅಂತ" ಎಂದ.

ಭಾನುವಾರ ಎಷ್ಟು ಜನ ಬಂದರೆಂದು ನೀನೇ ನೋಡಿದೆ. ಎಲೆಕೋಸಿನ ಸುರುಳಿ ಸಾಲದೆ ಪೌಲೀನಾ ಎಲ್ಲರನ್ನೂ ಬಯ್ಯುತ್ತ ಓಡಾಡಿದ್ದನ್ನೂ ನೋಡಿದೆ.

ಮಂಗಳವಾರದ ಸಭೆ ಅಷ್ಟು ಸಿಹಿಯಾಗಿರಲಿಲ್ಲ. ವರ್ನನ್ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. "ಓರೆಸ್ಟ್ ಮೇಲೆ ನಂಗೂ ಪ್ರೀತಿ ಇದೆ. ಆದ್ರೆ ಆ ಸದ್ದನ್ನ ದಿನಾ ಬೆಳಿಗ್ಗೆ ಕೇಳಕ್ಕಾಗತ್ತಾ? ಜೇನಿನಂಥ ದನಿ ಪೆಟ್ಟಿಗೇಲಿ ಇಟ್ಕೊಂಡು?" ಕೆಲವರು ತಲೆಯಾಡಿಸಿದರು. ನಾನು ಎದ್ದು ನಿಂತೆ. ದಿನವೂ ಓರೆಸ್ಟ್ ಓದುವುದು ಬೇಡ, ನಾನೂ ಓದುವುದು ಬೇಡ ಎಂದೆ. ಸತ್ತವರ ಮನೆಯವರೇ ಹೇಳಲಿ. ಎಲ್ಲರ ಜೇಬಿನಲ್ಲೂ ಫೋನಿದೆ. ಏಳೂವರೆಗೆ ನಾನು ಕರೆ ಮಾಡುತ್ತೇನೆ, ಮೂರು ಪ್ರಶ್ನೆ ಕೇಳುತ್ತೇನೆ, ಆಮೇಲೆ ಮಗನೋ ಮೊಮ್ಮಗಳೋ ತಮ್ಮ ದನಿಯಲ್ಲೇ ಹೇಳಿ ಕಳಿಸಲಿ. ತೊದಲಲಿ, ಅಳಲಿ, ಪರವಾಗಿಲ್ಲ. ಟವರಿನಿಂದಲೂ ಹೋಗಲಿ, ಫೋನಿನಲ್ಲೂ ಹೋಗಲಿ. ಹೇಳಲು ಯಾರೂ ಇಲ್ಲದವರಿಗೆ ನಾನಿದ್ದೇನೆ. ಇಷ್ಟೇ ಹೇಳಿ ಕೂತೆ.

ಮತಕ್ಕೆ ಹಾಕಿದರು. ಒಂದೇ ಕೈ ಹೆಚ್ಚಾಗಿ ನಾವು ಗೆದ್ದೆವು. ಅದೂ ಬರುವ ಕೊಯ್ಲಿನ ತನಕ ಮಾತ್ರ. ಆಮೇಲೆ ಮತ್ತೆ ನೋಡೋಣ ಎಂದಿದ್ದಾರೆ. ಬೆಳಗಿನ ಆ ಆರು ಗಂಟೆಗಳ ಕಾರ್ಯಕ್ರಮ ಸದ್ಯಕ್ಕೆ ನಮ್ಮದೇ. ನಿನ್ನೆ ಮೊದಲನೆಯದು ಹೋಯಿತು. ವ್ಯಾಂಕೂವರಿನಿಂದ ಒಬ್ಬ ಮೊಮ್ಮಗಳು ತನ್ನ ಅಜ್ಜಿಯ ಸುದ್ದಿ ಹೇಳಿದಳು. ರಸ್ತೆಯ ಹೆಸರು ತಪ್ಪು ಹೇಳಿದಳು, ನಾನು ಸರಿ ಮಾಡಿದೆ.

ಆಮೇಲೆ ಸ್ಟುಡಿಯೋದ ಬಾಗಿಲು ಹಾಕಿಕೊಂಡು ನಿನ್ನ ದನಿಯನ್ನು ತೆರೆದೆ. ಕೊನೆಯದಾಗಿ ಒಂದು ಮಾತು ಹೇಳಿಸೋಣ ಎನಿಸಿತು. ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಏನು ಬರೆದರೂ ಅದು ನಾನು ಬರೆದದ್ದೇ ಆಗುತ್ತಿತ್ತು. ಅಳಿಸಿದೆ. ವಿನಿಪೆಗ್‌ನವರೂ ಅಳಿಸಿದ್ದೇವೆಂದು ಬರೆದು ಕಳಿಸಿದ್ದಾರೆ. ಟೇಪುಗಳು ಕಪಾಟಿನಲ್ಲಿವೆ, ಅವು ನೀನು ನಿಜವಾಗಿ ಆಡಿದ ಮಾತು, ಅವುಗಳನ್ನು ಯಾರೂ ಮುಟ್ಟುವುದಿಲ್ಲ.

ಈಗ ಒಂದು ಜಗಳ ಬಾಕಿ ಇದೆ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನ ತನಕ ನೀನು ನನ್ನ ಮನೆಯಲ್ಲಿದ್ದೆ. ಪೌಲೀನಾಳ ಹತ್ತಿರ ಮಾತಾಡಿದೆ. ಮೂರು ತಾಲೂಕಿಗೆ ಮಾತಾಡಿದೆ. ಪಾದ್ರಿಯ ಹತ್ತಿರ ಹವಾಮಾನದ ಬಗ್ಗೆ ಕೂಡ ಮಾತಾಡಿದೆ. ಮನೆಗೆ ಬಂದು ನನ್ನ ಮುಂದೆ ಕೂತಾಗ ಯಂತ್ರ ಜೇಬಿಗೆ ಹೋಯಿತು, ಹಲಗೆ ಹೊರಗೆ ಬಂತು. "ಸೂಪಿಗೆ ಉಪ್ಪು ಕಡಿಮೆ" ಎಂದು ಬರೆದು ತೋರಿಸಿದೆ. ನನಗೆ ಕೇಳಿಸಲು ನಾಚಿಕೆ, ಅಲ್ಲವೇ? ನಾನೇನು ಮಾಡಿದೆ, ಹಲಗೆ ನೋಡಿ ತಲೆಯಾಡಿಸಿ ಉಪ್ಪು ತಂದೆ. ನನಗೂ ಹೇಳಲು ಬಾಯಿ ಬರಲಿಲ್ಲ. ಅಪ್ಪನಿಗೆ ತಕ್ಕ ಮಗಳು.

ಆದ್ದರಿಂದ ಇದು ನನ್ನ ಕೊನೆಯ ಕಾಗದ. ನೀನೂ ಬರೆಯಬೇಡ, ಬರೆದರೆ ಒಡೆಯದೆ ವಾಪಸ್ಸು ಕಳಿಸುತ್ತೇನೆ. ಈ ಭಾನುವಾರ ಸಂಜೆ ಐದು ಗಂಟೆಗೆ ಫೋನ್ ಮಾಡುತ್ತೇನೆ. ಅತ್ತೆ ಎತ್ತಬಾರದು, ನೀನೇ ಎತ್ತಬೇಕು. ಕತ್ತಿಗೆ ಒತ್ತಿಕೊಂಡು ನನ್ನ ಹೆಸರು ಹೇಳಬೇಕು. ಹೇಗೆ ಕೇಳಿಸಿದರೂ ಸರಿ.

ನೀನು ಇಡುವ ತನಕ ನಾನು ಇಡುವುದಿಲ್ಲ.

ದಾರ್ಕಾ